ಇಂಗ್ಲೆಂಡಿನ ಮನೆ ನಿಮ್ಮ ಪಾಲಿಗೆ ಬಂದಾಗ: ಉತ್ತರಾಧಿಕಾರ ತೆರಿಗೆಯ ಲೆಕ್ಕ, ಗಡುವು ಮತ್ತು ಕಾಗದಪತ್ರ

ಕಳೆದ ಶತಮಾನದ ಅರುವತ್ತು–ಎಪ್ಪತ್ತರ ದಶಕಗಳಲ್ಲಿ ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದ ವೈದ್ಯರ ತಲೆಮಾರು ಈಗ ಎಂಬತ್ತರ ಆಸುಪಾಸಿನಲ್ಲಿದೆ. ಅವರಲ್ಲಿ ಮಕ್ಕಳಿಲ್ಲದವರು ಊರಿನಲ್ಲಿರುವ ತಂಗಿಗೋ ಅಣ್ಣನ ಮಗನಿಗೋ ಮನೆಯನ್ನು ಬರೆದಿಟ್ಟಿರುತ್ತಾರೆ. ಹಿರಿಯರು ತೀರಿಕೊಂಡ ಕೆಲವು ವಾರಗಳ ನಂತರ ಶಿವಮೊಗ್ಗದ ಅಥವಾ ಮೈಸೂರಿನ ವಿಳಾಸಕ್ಕೆ ಅಲ್ಲಿನ ಸಾಲಿಸಿಟರ್ (ವಕೀಲರು) ಕಚೇರಿಯಿಂದ ಪತ್ರ ಬರುತ್ತದೆ. ಅದರಲ್ಲಿ ಪ್ರೊಬೇಟ್ (ಸತ್ತವರ ಆಸ್ತಿಯನ್ನು ನಿರ್ವಹಿಸಲು ಬೇಕಾದ ಅಧಿಕೃತ ಆದೇಶ), ಎಕ್ಸಿಕ್ಯೂಟರ್, ಇನ್ಹೆರಿಟೆನ್ಸ್ ಟ್ಯಾಕ್ಸ್ ಎಂಬ ಪದಗಳೂ, ಶೇ 40 ಎಂಬ ಅಂಕಿಯೂ ಇರುತ್ತವೆ. ದುಃಖದ ಮನೆಯಲ್ಲಿ ಆ ಅಂಕಿಯನ್ನು ಓದಿದವರು ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲಿ ಆಸ್ತಿಯೇ ಬೇಡವೆಂದು ಬರೆದುಕೊಡಲು ಹೊರಟವರೂ ಇದ್ದಾರೆ. ಭಾರತದಲ್ಲಿ ಇಂಥ ತೆರಿಗೆಯೇ ಇಲ್ಲವೆಂದು ನಂಬಿ ಪತ್ರವನ್ನು ಬೀರುವಿನಲ್ಲಿಟ್ಟು ಸುಮ್ಮನಾದವರೂ ಇದ್ದಾರೆ. ಎರಡೂ ನಷ್ಟದ ದಾರಿಗಳೇ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ವಿದೇಶದ ಮನೆ ನಿಮಗೆ ಬಂದಾಗ ತೆರಿಗೆಯ ಪ್ರಶ್ನೆ ಮೂರು ಬೇರೆ ಬೇರೆ ಹೊತ್ತಿನಲ್ಲಿ ಎದುರಾಗುತ್ತದೆ: ಹಿರಿಯರು ತೀರಿಕೊಂಡಾಗ ಒಮ್ಮೆ, ನೀವು ಆ ಮನೆಯನ್ನು ಇಟ್ಟುಕೊಂಡಿರುವಷ್ಟು ಕಾಲ ಪ್ರತಿವರ್ಷ, ಮಾರಿದಾಗ ಇನ್ನೊಮ್ಮೆ. ಮೊದಲನೆಯದು ಬ್ರಿಟನ್ನಿನದು, ಅದನ್ನು ಕಟ್ಟಬೇಕಾದವರು ಸಾಮಾನ್ಯವಾಗಿ ನೀವಲ್ಲ, ಸತ್ತವರ ಆಸ್ತಿಯನ್ನು ನಿರ್ವಹಿಸುವ ಎಕ್ಸಿಕ್ಯೂಟರ್. ಉಳಿದ ಎರಡರಲ್ಲಿ ಎರಡೂ ದೇಶಗಳ ಕಾನೂನು ನಿಮ್ಮನ್ನು ಮುಟ್ಟುತ್ತದೆ, ಮತ್ತು ಭಾರತದಲ್ಲಿರುವ ವಾರಸುದಾರರು ನಿಜವಾಗಿ ಪೆಟ್ಟು ತಿನ್ನುವುದು ಅಲ್ಲಿಯೇ.

ಮೊದಲ ಹಂತ: ಯಾವ ದೇಶ ಯಾರಿಂದ ವಸೂಲು ಮಾಡುತ್ತದೆ ಎಂದು ತಿಳಿಯುವುದು

ಎಲ್ಲ ದೇಶಗಳಲ್ಲಿಯೂ ಪದ್ಧತಿ ಒಂದೇ ಅಲ್ಲ. ಜರ್ಮನಿಯಲ್ಲಿ ತೆರಿಗೆ ಬೀಳುವುದು ಪಡೆದವರ ಮೇಲೆ, ಅದೂ ಸಂಬಂಧವನ್ನು ನೋಡಿ. ಮಕ್ಕಳಿಗೆ 4,00,000 ಯೂರೋವರೆಗೆ ವಿನಾಯಿತಿ ಇದ್ದರೆ ದೂರದ ಸಂಬಂಧಿಗೆ 20,000 ಯೂರೋ ಮಾತ್ರ. ಕೆನಡಾದಲ್ಲಿ ಉತ್ತರಾಧಿಕಾರ ತೆರಿಗೆ ಎಂಬುದೇ ಇಲ್ಲ, ಆದರೆ ಸಾಯುವ ಕ್ಷಣದಲ್ಲಿ ಆಸ್ತಿಯನ್ನು ಮಾರಿದಂತೆ ಭಾವಿಸಿ ಬಂಡವಾಳ ಲಾಭದ ತೆರಿಗೆ ಹಾಕುತ್ತಾರೆ. ಸಿಂಗಪುರ 2008ರಲ್ಲಿ ಈ ತೆರಿಗೆಯನ್ನು ಕೈಬಿಟ್ಟಿತು. ಆದ್ದರಿಂದ ಅಮೆರಿಕದಲ್ಲಿರುವ ಪರಿಚಿತರು ಹೇಳಿದ ಲೆಕ್ಕವನ್ನು ಇಂಗ್ಲೆಂಡಿನ ಮನೆಗೆ ಅನ್ವಯಿಸಬಾರದು.

ಬ್ರಿಟನ್ನಿನಲ್ಲಿ ತೆರಿಗೆ ಬೀಳುವುದು ಸತ್ತವರ ಒಟ್ಟು ಆಸ್ತಿಯ ಮೇಲೆ. ಅದನ್ನು ಪಡೆಯುವವರು ಲಂಡನ್ನಿನಲ್ಲಿದ್ದಾರೋ ಶಿರಸಿಯಲ್ಲಿದ್ದಾರೋ ಎಂಬುದು ಮುಖ್ಯವಲ್ಲ. 2025ರ ಏಪ್ರಿಲ್ 6ರಿಂದ ಒಂದು ದೊಡ್ಡ ಬದಲಾವಣೆ ಆಗಿದೆ. ಅದಕ್ಕೂ ಮೊದಲು ಡೊಮಿಸೈಲ್, ಅಂದರೆ ಮನುಷ್ಯ ತನ್ನ ಶಾಶ್ವತ ನೆಲೆಯೆಂದು ಭಾವಿಸಿದ ದೇಶ, ನಿರ್ಣಾಯಕವಾಗಿತ್ತು. ಈಗ ಹಿಂದಿನ 20 ತೆರಿಗೆ ವರ್ಷಗಳಲ್ಲಿ ಕನಿಷ್ಠ 10 ವರ್ಷ ಬ್ರಿಟನ್ನಿನ ನಿವಾಸಿಯಾಗಿದ್ದವರನ್ನು ದೀರ್ಘಾವಧಿ ನಿವಾಸಿ ಎಂದು ಪರಿಗಣಿಸಿ, ಅವರ ಜಗತ್ತಿನ ಎಲ್ಲ ಆಸ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ನಿವೃತ್ತಿಯ ನಂತರ ಮೈಸೂರಿಗೆ ಮರಳಿ ಬಂದವರೂ ತಕ್ಷಣ ಈ ವ್ಯಾಪ್ತಿಯಿಂದ ಹೊರಬರುವುದಿಲ್ಲ. ಎಷ್ಟು ವರ್ಷ ಅಲ್ಲಿದ್ದರು ಎಂಬುದರ ಮೇಲೆ 3ರಿಂದ 10 ವರ್ಷಗಳವರೆಗೆ ಅದರ ಬಾಲ ಉಳಿಯುತ್ತದೆ.

ಆದರೆ ಬ್ರಿಟನ್ನಿನ ನೆಲದಲ್ಲಿರುವ ಮನೆ, ಒಡೆಯ ಯಾರೇ ಆಗಿರಲಿ, ಎಲ್ಲಿಯೇ ಇದ್ದಿರಲಿ, ಈ ತೆರಿಗೆಯ ವ್ಯಾಪ್ತಿಯೊಳಗೇ ಇರುತ್ತದೆ. ಭಾರತ ಮತ್ತು ಬ್ರಿಟನ್ ನಡುವೆ ಎಸ್ಟೇಟ್ ಡ್ಯೂಟಿಗೆ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆಗೆ, ಸಂಬಂಧಿಸಿದ 1956ರ ಒಪ್ಪಂದವೊಂದು ಇಂದಿಗೂ ಜಾರಿಯಲ್ಲಿದೆ. ಭಾರತವು ತನ್ನ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ರದ್ದುಪಡಿಸಿದರೂ ಆ ಒಪ್ಪಂದ ರದ್ದಾಗಲಿಲ್ಲ. ಭಾರತದ ಕಾನೂನಿನ ಪ್ರಕಾರ ಭಾರತದಲ್ಲೇ ಡೊಮಿಸೈಲ್ ಹೊಂದಿದ್ದವರ ಊರಿನ ತೋಟ, ಸೈಟು, ಬ್ಯಾಂಕ್ ಠೇವಣಿಗಳು ಬ್ರಿಟನ್ನಿನ ತೆರಿಗೆಯಿಂದ ಹೊರಗುಳಿಯಲು ಅದು ನೆರವಾಗಬಹುದು. ಸತ್ತವರಿಗೆ ಕರ್ನಾಟಕದಲ್ಲಿಯೂ ಗಣನೀಯ ಆಸ್ತಿ ಇದ್ದರೆ ಸಾಲಿಸಿಟರ್‌ಗೆ ಈ ಒಪ್ಪಂದದ ಹೆಸರನ್ನು ಹೇಳಿ ಕೇಳಲೇಬೇಕು. ಇದು ಅಲ್ಲಿನ ಎಲ್ಲ ವಕೀಲರ ನಾಲಿಗೆಯ ತುದಿಯಲ್ಲಿರುವ ವಿಷಯವಲ್ಲ.

ಎರಡನೆಯ ಹಂತ: ಮನೆ ನಿಜವಾಗಿಯೂ ನಿಮಗೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು

ವಿಲ್ಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆ ಬಂದುಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಇಬ್ಬರು ಸೇರಿ ಮನೆ ಕೊಳ್ಳುವಾಗ ಜಾಯಿಂಟ್ ಟೆನೆಂಟ್ಸ್ ಎಂದು ಬರೆಸಿದ್ದರೆ, ಒಬ್ಬರು ತೀರಿಕೊಂಡಾಗ ಇಡೀ ಮನೆ ತಾನಾಗಿ ಉಳಿದವರದ್ದಾಗುತ್ತದೆ, ವಿಲ್ಲು ಏನೇ ಹೇಳಲಿ. ಟೆನೆಂಟ್ಸ್ ಇನ್ ಕಾಮನ್ ಎಂದಿದ್ದರೆ ಮಾತ್ರ ಸತ್ತವರ ಪಾಲು ವಿಲ್ಲಿನ ಪ್ರಕಾರ ಹಂಚಿಕೆಯಾಗುತ್ತದೆ. ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ ಎಂಬ ಭೂದಾಖಲೆ ಕಚೇರಿಯಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆ ಮನೆಯ ದಾಖಲೆಯ ಪ್ರತಿಯನ್ನು ಆನ್‌ಲೈನ್‌ನಲ್ಲಿ ಪಡೆಯಬಹುದು. ಅದರಲ್ಲಿ ಒಡೆಯರ ಹೆಸರೂ ಅಡಮಾನದ ಸಾಲದ ವಿವರವೂ ಇರುತ್ತದೆ. ಇದನ್ನು ಮೊದಲ ದಿನವೇ ಮಾಡುವುದು ಒಳ್ಳೆಯದು.

ವಿಲ್ಲೇ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅಲ್ಲಿನ ಮನೆಗೆ ಅನ್ವಯಿಸುವುದಿಲ್ಲ. ಸ್ಥಿರಾಸ್ತಿ ಇರುವ ನೆಲದ ಕಾನೂನೇ ಅದಕ್ಕೆ ಅನ್ವಯಿಸುತ್ತದೆ. ಇಂಗ್ಲೆಂಡಿನ ನಿಯಮದಂತೆ ಪತ್ನಿ, ಮಕ್ಕಳು, ತಂದೆತಾಯಿ ಯಾರೂ ಇಲ್ಲದಿದ್ದರೆ ಒಡಹುಟ್ಟಿದವರಿಗೆ ಪಾಲು ಹೋಗುತ್ತದೆ, ತೀರಿಕೊಂಡ ಒಡಹುಟ್ಟಿದವರ ಪಾಲು ಅವರ ಮಕ್ಕಳಿಗೆ ಸಲ್ಲುತ್ತದೆ. ಸ್ಕಾಟ್ಲೆಂಡಿನ ಕಾನೂನು ಬೇರೆ. ಮನೆ ಗ್ಲಾಸ್ಗೋದಲ್ಲಿದ್ದರೆ ಸ್ಕಾಟ್ಲೆಂಡಿನ ವಕೀಲರನ್ನೇ ಹಿಡಿಯಬೇಕು.

ಇಲ್ಲಿಯೇ ನಮ್ಮವರು ಎಡವುವ ಇನ್ನೊಂದು ಕಡೆ ಇದೆ. ನಾಡಕಚೇರಿಯಿಂದ ಪಡೆದ ವಂಶವೃಕ್ಷವನ್ನೋ ತಹಶೀಲ್ದಾರರ ಸಹಿಯಿರುವ ಪ್ರಮಾಣಪತ್ರವನ್ನೋ ಕಳುಹಿಸಿದರೆ ಅಲ್ಲಿ ಮನೆಯ ಹಕ್ಕು ಬದಲಾಗುವುದಿಲ್ಲ. ವಿಲ್ಲು ಇಲ್ಲದಾಗ ಸಂಬಂಧವನ್ನು ತೋರಿಸಲು ವಂಶವೃಕ್ಷ ಪೋಷಕ ದಾಖಲೆಯಾಗಿ ಉಪಯೋಗಕ್ಕೆ ಬರಬಹುದು, ಆದರೆ ಹಕ್ಕು ವರ್ಗಾವಣೆಗೆ ಅಲ್ಲಿನ ಪ್ರೊಬೇಟ್ ರಿಜಿಸ್ಟ್ರಿಯ ಆದೇಶವೇ ಬೇಕು.

ಮೂರನೆಯ ಹಂತ: ಸಾವಿನ ದಿನದ ಬೆಲೆಯನ್ನು ಸರಿಯಾಗಿ ಕಟ್ಟಿಸುವುದು

ತೆರಿಗೆಯ ಲೆಕ್ಕ ನಡೆಯುವುದು ಸಾವಿನ ದಿನ ಆ ಮನೆ ಮುಕ್ತ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತೋ ಆ ಬೆಲೆಯ ಮೇಲೆ. ಹತ್ತಿರದ ಮನೆ ಮಾರಾಟದ ಏಜೆಂಟರು ಬಾಯಿಮಾತಿನಲ್ಲಿ ಹೇಳಿದ ಅಂದಾಜನ್ನು ನಂಬದೆ, ಆರ್‌ಐಸಿಎಸ್ ಎಂಬ ಅಲ್ಲಿನ ಆಸ್ತಿ ಮೌಲ್ಯಮಾಪಕರ ವೃತ್ತಿಸಂಸ್ಥೆಯ ಸದಸ್ಯರಾದ ಸರ್ವೇಯರ್ ಒಬ್ಬರಿಂದ ಲಿಖಿತ ವರದಿಯನ್ನು ಪಡೆಯುವಂತೆ ಎಕ್ಸಿಕ್ಯೂಟರ್ ಅವರನ್ನು ಒತ್ತಾಯಿಸಬೇಕು. ತೆರಿಗೆ ಉಳಿಸುವ ಆಸೆಯಿಂದ ಬೆಲೆಯನ್ನು ತಗ್ಗಿಸಿ ತೋರಿಸುವುದು ತಪ್ಪು ಮಾತ್ರವಲ್ಲ, ನಷ್ಟವೂ ಹೌದು. ಏಕೆಂದರೆ ಮುಂದೆ ಮನೆ ಮಾರಿದಾಗ ಬ್ರಿಟನ್ನಿನಲ್ಲಿ ಲಾಭವನ್ನು ಅಳೆಯುವುದು ಇದೇ ಬೆಲೆಯಿಂದ. ಒಂದೇ ವರದಿ ಎರಡು ಸಲ ಕೆಲಸಕ್ಕೆ ಬರುತ್ತದೆ. ಆ ವರದಿಯ ಪ್ರತಿಯೊಂದು ನಿಮ್ಮ ಕೈಯಲ್ಲಿಯೂ ಇರಲಿ.

ಒಂದು ವೇಳೆ ಮಾರುಕಟ್ಟೆ ಕುಸಿದು, ಸಾವಿನ 4 ವರ್ಷಗಳೊಳಗೆ ಮನೆಯನ್ನು ಆ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದರೆ, ಷರತ್ತುಗಳಿಗೆ ಒಳಪಟ್ಟು ಮಾರಿದ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ಹೆಚ್ಚುವರಿ ತೆರಿಗೆಯನ್ನು ಎಕ್ಸಿಕ್ಯೂಟರ್ ಹಿಂದಕ್ಕೆ ಕೇಳಬಹುದು. ಇದಕ್ಕೆ ಐಎಚ್‌ಟಿ 38 ಎಂಬ ನಮೂನೆ ಇದೆ.

ನಾಲ್ಕನೆಯ ಹಂತ: ವಿನಾಯಿತಿಗಳನ್ನು ಒಂದೊಂದಾಗಿ ಕಳೆಯುವುದು

ಶೇ 40 ಎಂಬ ದರ ಇಡೀ ಆಸ್ತಿಯ ಮೇಲೆ ಬೀಳುವುದಿಲ್ಲ. ಮೊದಲ 3,25,000 ಪೌಂಡ್‌ಗೆ ತೆರಿಗೆ ಇಲ್ಲ. ಈ ಮಿತಿ 2009ರ ಏಪ್ರಿಲ್‌ನಿಂದ ಒಂದು ಪೌಂಡೂ ಏರಿಲ್ಲ. ಮನೆಗಳ ಬೆಲೆ ಮಾತ್ರ ಏರುತ್ತಾ ಬಂದಿದೆ. ಆದ್ದರಿಂದಲೇ ಹಿಂದೆ ಶ್ರೀಮಂತರ ತೆರಿಗೆ ಎನಿಸಿಕೊಂಡಿದ್ದುದು ಇಂದು ಸಾಧಾರಣ ವೈದ್ಯರ, ಶಿಕ್ಷಕರ ಮನೆಗಳನ್ನೂ ತಟ್ಟುತ್ತಿದೆ.

ಇದರ ಜೊತೆಗೆ ವಾಸದ ಮನೆಗೆಂದೇ 1,75,000 ಪೌಂಡ್‌ನ ಹೆಚ್ಚುವರಿ ಮಿತಿಯೊಂದು ಇದೆ. ಆದರೆ ಅದು ಮಕ್ಕಳು, ದತ್ತುಮಕ್ಕಳು, ಮಲಮಕ್ಕಳು, ಮೊಮ್ಮಕ್ಕಳು ಹೀಗೆ ನೇರ ಸಂತತಿಗೆ ಮನೆ ಹೋದಾಗ ಮಾತ್ರ ಸಿಗುತ್ತದೆ. ಅಣ್ಣನ ಮಗ, ತಂಗಿ, ಸೋದರಳಿಯ ಇವರಿಗೆ ಸಿಗುವುದಿಲ್ಲ. ದೊಡ್ಡಪ್ಪ ನಿಮ್ಮನ್ನು ಮಗನಂತೆಯೇ ಸಾಕಿರಬಹುದು; ಕಾನೂನುಬದ್ಧ ದತ್ತು ಆಗಿರದಿದ್ದರೆ ಆ ಪ್ರೀತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಒಟ್ಟು ಆಸ್ತಿ 20 ಲಕ್ಷ ಪೌಂಡ್ ದಾಟಿದರೆ ಈ ಹೆಚ್ಚುವರಿ ಮಿತಿ ಪ್ರತಿ 2 ಪೌಂಡ್‌ಗೆ 1 ಪೌಂಡ್‌ನಂತೆ ಕರಗುತ್ತಾ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಣ ಉಳಿಸುವ, ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವ ವಿನಾಯಿತಿ ಇನ್ನೊಂದಿದೆ. ಗಂಡ ಹೆಂಡತಿಯರಲ್ಲಿ ಮೊದಲು ತೀರಿಕೊಂಡವರು ತಮ್ಮದೆಲ್ಲವನ್ನೂ ಉಳಿದವರಿಗೆ ಬಿಟ್ಟಿದ್ದರೆ, ಅವರು ಬಳಸದೆ ಉಳಿಸಿದ 3,25,000 ಪೌಂಡ್‌ನ ಮಿತಿಯನ್ನು ಎರಡನೆಯವರು ತೀರಿಕೊಂಡಾಗ ಸೇರಿಸಿಕೊಳ್ಳಬಹುದು. ಉದಾಹರಣೆಯೊಂದನ್ನು ನೋಡೋಣ. ಲೆಸ್ಟರ್ ನಗರದಲ್ಲಿದ್ದ ದೊಡ್ಡಪ್ಪನವರ ಮನೆಯ ಬೆಲೆ 4,20,000 ಪೌಂಡ್, ಬ್ಯಾಂಕಿನಲ್ಲಿ 1,30,000 ಪೌಂಡ್, ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಸೇರಿ 10,000 ಪೌಂಡ್ ಎಂದುಕೊಳ್ಳೋಣ. ನಿವ್ವಳ ಆಸ್ತಿ 5,40,000 ಪೌಂಡ್. ಅದರಲ್ಲಿ 3,25,000 ಕಳೆದರೆ 2,15,000 ಉಳಿಯುತ್ತದೆ. ಅದರ ಶೇ 40 ಎಂದರೆ 86,000 ಪೌಂಡ್ ತೆರಿಗೆ. ಈಗ ಹಿಂದೆಯೇ ತೀರಿಕೊಂಡಿದ್ದ ದೊಡ್ಡಮ್ಮನ ಬಳಸದ ಮಿತಿಯನ್ನೂ ಸೇರಿಸಿ. ಒಟ್ಟು ಮಿತಿ 6,50,000 ಪೌಂಡ್ ಆಗುತ್ತದೆ, ತೆರಿಗೆ ಸೊನ್ನೆಗೆ ಇಳಿಯುತ್ತದೆ.

ಆದರೆ ಈ ಸೌಲಭ್ಯ ಕೇಳದೆ ಸಿಗುವುದಿಲ್ಲ. ಪೂರ್ಣ ತೆರಿಗೆ ವಿವರಣೆ ಸಲ್ಲಿಸುವವರು ಐಎಚ್‌ಟಿ 402 ನಮೂನೆಯನ್ನು ಜೊತೆಗಿಡಬೇಕು. ಸರಳವಾದ ಸಣ್ಣ ಆಸ್ತಿಗಳಲ್ಲಿ ಪ್ರೊಬೇಟ್ ಅರ್ಜಿಯಲ್ಲೇ ಕೇಳಿಕೊಳ್ಳಬಹುದು. ಎರಡನೆಯವರು ತೀರಿಕೊಂಡ ತಿಂಗಳ ಕೊನೆಯಿಂದ 2 ವರ್ಷಗಳೊಳಗೆ ಕೇಳಬೇಕು. ಅದಕ್ಕೆ ದಂಪತಿಗಳ ವಿವಾಹ ಪ್ರಮಾಣಪತ್ರ, ಮೊದಲು ತೀರಿಕೊಂಡವರ ಮರಣ ಪ್ರಮಾಣಪತ್ರ, ಅವರ ವಿಲ್ಲು ಇದ್ದರೆ ಅದರ ಪ್ರತಿ ಬೇಕಾಗುತ್ತವೆ. ದೊಡ್ಡಮ್ಮ ರಜೆಗೆಂದು ಊರಿಗೆ ಬಂದಿದ್ದಾಗ ಇಲ್ಲಿಯೇ ತೀರಿಕೊಂಡಿದ್ದರೆ ಆ ಪ್ರಮಾಣಪತ್ರ ಇಲ್ಲಿನ ನಗರಸಭೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಇರುತ್ತದೆ. ಲಂಡನ್ನಿನ ಸಾಲಿಸಿಟರ್ ಅದನ್ನು ಹುಡುಕಲಾರರು, ನೀವೇ ತರಿಸಿಕೊಡಬೇಕು. ಒಂದು ಹಾಳೆಯ ಬೆಲೆ ಈ ಉದಾಹರಣೆಯಲ್ಲಿ 86,000 ಪೌಂಡ್.

ಪತ್ನಿಗೆ ಅಥವಾ ಪತಿಗೆ ಹೋಗುವ ಆಸ್ತಿಗೆ ಸಾಮಾನ್ಯವಾಗಿ ಪೂರ್ಣ ವಿನಾಯಿತಿ ಇದೆ. ಆದರೆ ಗಂಡ ಬ್ರಿಟನ್ನಿನ ದೀರ್ಘಾವಧಿ ನಿವಾಸಿಯಾಗಿದ್ದು, ಹೆಂಡತಿ ಹೆಚ್ಚಿನ ಕಾಲ ಊರಿನಲ್ಲಿಯೇ ಇದ್ದವರಾದರೆ, ಆ ವಿನಾಯಿತಿ 3,25,000 ಪೌಂಡ್‌ಗೆ ಸೀಮಿತ. ಗಂಡನ ಸ್ವಂತ ಮಿತಿಯೂ ಸೇರಿ 6,50,000 ಪೌಂಡ್‌ವರೆಗೆ ರಕ್ಷಣೆ ಸಿಗುತ್ತದೆ. 7,00,000 ಪೌಂಡ್‌ನ ಮನೆಯೊಂದನ್ನೇ ಬಿಟ್ಟುಹೋಗಿದ್ದರೆ ಮಿಕ್ಕ 50,000ದ ಮೇಲೆ 20,000 ಪೌಂಡ್ ತೆರಿಗೆ ಬೀಳುತ್ತದೆ. ತಾನೂ ದೀರ್ಘಾವಧಿ ನಿವಾಸಿ ಎಂದು ಪರಿಗಣಿಸುವಂತೆ ಹೆಂಡತಿ ಕೇಳಿಕೊಂಡರೆ ಪೂರ್ಣ ವಿನಾಯಿತಿ ದೊರೆಯುತ್ತದೆ, ಆದರೆ ಆಗ ಆಕೆಯ ಊರಿನ ಆಸ್ತಿಯೂ ಬ್ರಿಟನ್ನಿನ ತೆರಿಗೆಯ ಲೆಕ್ಕಕ್ಕೆ ಸಿಕ್ಕಬಹುದು. ಇದನ್ನು ಆತುರದಲ್ಲಿ ಸಹಿ ಮಾಡಬಾರದು.

ತೀರಿಕೊಳ್ಳುವ ಮುನ್ನ 7 ವರ್ಷಗಳಲ್ಲಿ ಅವರು ಕೊಟ್ಟ ದೊಡ್ಡ ಉಡುಗೊರೆಗಳೂ ಲೆಕ್ಕಕ್ಕೆ ಬರುತ್ತವೆ. 5 ವರ್ಷದ ಹಿಂದೆ ದೊಡ್ಡಪ್ಪ ನಿಮ್ಮ ಮಗಳ ಮದುವೆಗೆಂದು ದೊಡ್ಡ ಮೊತ್ತ ಕಳುಹಿಸಿದ್ದರೆ ಅದನ್ನು ಎಕ್ಸಿಕ್ಯೂಟರ್‌ಗೆ ತಿಳಿಸಬೇಕು. ಮುಚ್ಚಿಟ್ಟರೆ ಮುಂದೆ ತೆರಿಗೆಯ ಹೊಣೆ ನಿಮ್ಮ ಮೇಲೆಯೇ ಬರಬಹುದು.

ಐದನೆಯ ಹಂತ: ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು

ಸಾವು 2026ರ ಜನವರಿ 10ರಂದು ಆಗಿದ್ದರೆ ತೆರಿಗೆ ಕಟ್ಟಲು ಕೊನೆಯ ದಿನ ಜುಲೈ 31. ಸಾವಿನ ತಿಂಗಳು ಮುಗಿದು ಆರನೆಯ ತಿಂಗಳ ಕೊನೆಯ ದಿನ ಎಂದು ನೆನಪಿಟ್ಟುಕೊಂಡರೆ ಸಾಕು. ಅಲ್ಲಿಂದ ಮುಂದೆ ಬಡ್ಡಿ ಓಡುತ್ತದೆ. ತೆರಿಗೆ ಬರುವ ಆಸ್ತಿಯ ಪೂರ್ಣ ವಿವರಣೆಯನ್ನು, ಅಂದರೆ ಐಎಚ್‌ಟಿ 400 ನಮೂನೆಯನ್ನು, 2027ರ ಜನವರಿ 31ರೊಳಗೆ ಸಲ್ಲಿಸಬೇಕು. ಎರಡು ದಿನಾಂಕಗಳ ನಡುವಿನ ಈ ಅಂತರವೇ ಅನೇಕರನ್ನು ದಾರಿ ತಪ್ಪಿಸುತ್ತದೆ: ಕಾಗದಕ್ಕೆ ಒಂದು ವರ್ಷ ಇದೆಯೆಂದು ಹಣವನ್ನೂ ತಡಮಾಡುತ್ತಾರೆ.

ಇನ್ನೊಂದು ಗಂಟು ಇದೆ. ತೆರಿಗೆ ಕಟ್ಟದೆ ಪ್ರೊಬೇಟ್ ಸಿಗುವುದಿಲ್ಲ, ಪ್ರೊಬೇಟ್ ಸಿಗದೆ ಬ್ಯಾಂಕಿನ ಹಣವನ್ನು ಮುಟ್ಟುವಂತಿಲ್ಲ, ಮನೆಯನ್ನು ಮಾರುವಂತಿಲ್ಲ. ಈ ಗಂಟನ್ನು ಬಿಡಿಸಲು ಕಾನೂನಿನಲ್ಲಿಯೇ ಎರಡು ದಾರಿಗಳಿವೆ. ಐಎಚ್‌ಟಿ 423 ನಮೂನೆಯ ಮೂಲಕ ಸತ್ತವರ ಖಾತೆಯಿಂದಲೇ ನೇರವಾಗಿ ತೆರಿಗೆ ಇಲಾಖೆಗೆ, ಅಂದರೆ ಎಚ್‌ಎಂಆರ್‌ಸಿಗೆ, ಹಣ ಕಳುಹಿಸುವಂತೆ ಬ್ಯಾಂಕನ್ನು ಕೇಳಬಹುದು. ಮನೆಯ ಪಾಲಿಗೆ ಬೀಳುವ ತೆರಿಗೆಯನ್ನಂತೂ ವರ್ಷಕ್ಕೊಂದರಂತೆ 10 ಸಮ ಕಂತುಗಳಲ್ಲಿ ಕಟ್ಟಬಹುದು. ಮೊದಲ ಕಂತು ಕಟ್ಟಿದರೆ ಪ್ರೊಬೇಟ್ ಮುಂದುವರಿಯುತ್ತದೆ. ಬಾಕಿಯ ಮೇಲೆ ಬಡ್ಡಿ ಇರುತ್ತದೆ, ಮನೆ ಮಾರಿದ ಕೂಡಲೇ ಉಳಿದದ್ದೆಲ್ಲವನ್ನೂ ಕಟ್ಟಬೇಕು. ತೆರಿಗೆ ಕಟ್ಟಲು ಇಲ್ಲಿನ ಜಮೀನನ್ನು ಅಡವಿಟ್ಟು ಸಾಲ ತೆಗೆಯುವ ಮೊದಲು ಈ ಎರಡೂ ದಾರಿಗಳನ್ನು ನೋಡಿರಬೇಕು. ಆಮೇಲೂ ಇಲ್ಲಿಂದ ಹಣ ಕಳುಹಿಸಲೇಬೇಕಾದರೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಕಳುಹಿಸಬಹುದು.

ಸಾವಿನ 2 ವರ್ಷಗಳೊಳಗೆ ಇನ್ನೊಂದು ಅವಕಾಶವೂ ಇದೆ. ನಿಮಗೆ ಬಂದ ಪಾಲನ್ನು ತಂಗಿಗೋ ದತ್ತಿ ಸಂಸ್ಥೆಗೋ ಹೋಗುವಂತೆ ಡೀಡ್ ಆಫ್ ವೇರಿಯೇಷನ್ ಎಂಬ ಪತ್ರದ ಮೂಲಕ ತಿರುಗಿಸಬಹುದು. ಸರಿಯಾಗಿ ಬರೆದರೆ ಸತ್ತವರೇ ಹಾಗೆ ವಿಲ್ಲು ಬರೆದಿದ್ದರು ಎಂಬಂತೆ ಉತ್ತರಾಧಿಕಾರ ತೆರಿಗೆಯ ಲೆಕ್ಕ ನಡೆಯುತ್ತದೆ. ಒಡಹುಟ್ಟಿದವರಲ್ಲಿ ಹಂಚಿಕೆಯ ಮಾತು ಇದ್ದರೆ ಬಾಯಿಮಾತಿನ ಒಪ್ಪಂದಕ್ಕಿಂತ ಇದು ಎಷ್ಟೋ ಮೇಲು.

ಆರನೆಯ ಹಂತ: ಇಲ್ಲಿಂದ ಕಳುಹಿಸುವ ಕಾಗದಗಳು

ಕನ್ನಡಿಗರ ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ವಿಲ್ಲಿನಲ್ಲಿ ಊರು ಮತ್ತು ತಂದೆಯ ಹೆಸರು ಪೂರ್ತಿಯಾಗಿ ಬಿಡಿಸಿ ಬರೆದಿರುತ್ತದೆ, ಆಧಾರ್‌ನಲ್ಲಿ ಎರಡು ಇನಿಷಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಸರ್‌ನೇಮ್ ಆಗಿ ಕುಳಿತಿರುತ್ತದೆ. ಹೆಣ್ಣುಮಕ್ಕಳಿಗಾದರೆ ತವರಿನ ಹೆಸರು, ಮದುವೆಯ ನಂತರದ ಹೆಸರು ಬೇರೆ. ಹಣ ವರ್ಗಾಯಿಸುವ ಸಾಲಿಸಿಟರ್‌ಗೆ ಇವು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತವೆ. ಎಲ್ಲ ರೂಪಗಳೂ ಒಬ್ಬರವೇ ಎಂದು ಹೇಳುವ ಅಫಿಡವಿಟ್ ಒಂದನ್ನು ನೋಟರಿಯ ಮುಂದೆ ಮೊದಲೇ ಮಾಡಿಸಿಟ್ಟರೆ ತಿಂಗಳುಗಳ ಪತ್ರವ್ಯವಹಾರ ಉಳಿಯುತ್ತದೆ. ಕನ್ನಡದಲ್ಲಿರುವ ಪ್ರಮಾಣಪತ್ರಗಳಿಗೆ ದೃಢೀಕೃತ ಇಂಗ್ಲಿಷ್ ಅನುವಾದ ಬೇಕು. ಅಲ್ಲಿಯವರಿಗೆ ಅಧಿಕಾರ ಕೊಡುವ ಮುಖ್ತ್ಯಾರನಾಮೆಯನ್ನು ಇಲ್ಲಿ ಬರೆಸಿದರೆ ಅದಕ್ಕೆ ನೋಟರಿ ಮತ್ತು ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ (ವಿದೇಶದಲ್ಲಿ ಮಾನ್ಯವಾಗುವ ದೃಢೀಕರಣ) ಮುದ್ರೆ ಕೇಳುವುದು ಸಾಮಾನ್ಯ.

ಈ ನಡುವೆ ಮನೆ ಖಾಲಿ ಬಿದ್ದಿರುತ್ತದೆ ಎಂಬುದನ್ನು ಮರೆಯಬಾರದು. ಖಾಲಿ ಮನೆಗೆ ಅನೇಕ ವಿಮಾ ಪಾಲಿಸಿಗಳು 30 ಅಥವಾ 60 ದಿನಗಳ ನಂತರ ರಕ್ಷಣೆಯನ್ನು ಮೊಟಕುಗೊಳಿಸುತ್ತವೆ. ಹೀಟರ್ ಆರಿಸಿದ ಮನೆಯ ನೀರಿನ ಕೊಳವೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಡೆದರೆ, ಮಹಡಿಯಿಂದ ಇಳಿದ ನೀರು ಗೋಡೆ, ನೆಲ, ಮರದ ಮೆಟ್ಟಿಲು ಎಲ್ಲವನ್ನೂ ಹಾಳುಮಾಡುತ್ತದೆ. ಅದನ್ನು ಕಾಣುವವರು ಯಾರೂ ಇರುವುದಿಲ್ಲ. ವಿಮಾ ಕಂಪನಿಗೆ ಸಾವಿನ ಸುದ್ದಿಯನ್ನು ತಿಳಿಸಿ ಖಾಲಿ ಮನೆಯ ಪಾಲಿಸಿಗೆ ಬದಲಿಸಬೇಕು. ಸ್ಥಳೀಯ ಕೌನ್ಸಿಲ್ ತೆರಿಗೆಗೆ ಮಾತ್ರ ಪ್ರೊಬೇಟ್ ಸಿಗುವವರೆಗೂ, ನಂತರ 6 ತಿಂಗಳವರೆಗೂ ವಿನಾಯಿತಿ ಕೇಳಬಹುದು.

ಏಳನೆಯ ಹಂತ: ಭಾರತದಲ್ಲಿ ಪ್ರತಿವರ್ಷ ತೋರಿಸಬೇಕಾದದ್ದು

ವಿಲ್ಲಿನ ಮೂಲಕ ಅಥವಾ ವಾರಸುದಾರಿಕೆಯಿಂದ ಬಂದ ಆಸ್ತಿ ಭಾರತದಲ್ಲಿ ಪಡೆದವರ ಆದಾಯವಲ್ಲ. ಅದರ ಮೇಲೆ ಇಲ್ಲಿ ತೆರಿಗೆ ಇಲ್ಲ. ವಿದೇಶದಲ್ಲಿ ವಾಸಿಸುತ್ತಿದ್ದವರಿಂದ ವಾರಸುದಾರಿಕೆಯಾಗಿ ಬಂದ ಅಲ್ಲಿನ ಮನೆಯನ್ನು ಭಾರತದ ನಿವಾಸಿ ಇಟ್ಟುಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದ 6(4)ನೆಯ ಕಲಂ ಸ್ಪಷ್ಟ ಅನುಮತಿ ಕೊಡುತ್ತದೆ. ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಬೇಕಾಗಿಲ್ಲ.

ಆದರೆ ಅನುಮತಿ ಇದೆ ಎಂದರೆ ತಿಳಿಸಬೇಕಾಗಿಲ್ಲ ಎಂದಲ್ಲ. ಭಾರತದ ಸಾಮಾನ್ಯ ನಿವಾಸಿಯಾಗಿರುವ ನೀವು ಆದಾಯ ತೆರಿಗೆ ರಿಟರ್ನ್‌ನ ಷೆಡ್ಯೂಲ್ ಎಫ್‌ಎಯಲ್ಲಿ ವಿದೇಶಿ ಮನೆಯನ್ನೂ ಅಲ್ಲಿನ ಬ್ಯಾಂಕ್ ಖಾತೆಯನ್ನೂ ನಮೂದಿಸಬೇಕು. ಸರಳವಾದ ಐಟಿಆರ್ 1 ನಮೂನೆಯಲ್ಲಿ ಆ ಷೆಡ್ಯೂಲೇ ಇಲ್ಲ. ಐಟಿಆರ್ 2 ಅಥವಾ 3 ಬಳಸಬೇಕು. ನಿಮ್ಮ ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೂ, ಮನೆಯಿಂದ ಒಂದು ಪೈಸೆ ಬಾಡಿಗೆ ಬರದಿದ್ದರೂ, ರಿಟರ್ನ್ ಸಲ್ಲಿಸಲೇಬೇಕು. ಷೆಡ್ಯೂಲ್ ಎಫ್‌ಎ ನೋಡುವುದು ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷವನ್ನು, ಹಣಕಾಸು ವರ್ಷವನ್ನಲ್ಲ. ಬಿಟ್ಟುಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಲು ಅವಕಾಶವಿದೆ. 2024ರ ಅಕ್ಟೋಬರ್ 1ರಿಂದ 20 ಲಕ್ಷ ರೂಪಾಯಿವರೆಗಿನ ವಿದೇಶಿ ಆಸ್ತಿಗೆ ಈ ದಂಡದಿಂದ ವಿನಾಯಿತಿ ಬಂದಿದೆ, ಆದರೆ ಸ್ಥಿರಾಸ್ತಿಯನ್ನು ಅದರಿಂದ ಹೊರಗಿಡಲಾಗಿದೆ. ತಪ್ಪು ಮಾಡುವ ಮನಸ್ಸೇ ಇಲ್ಲದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಅಣ್ಣನ ಮನೆಯ ಕಾರಣದಿಂದ ಇಂಥ ನೋಟಿಸು ಬರುವುದು ಬಹಳ ನೋವಿನ ಸಂಗತಿ. ಒಂದು ಷೆಡ್ಯೂಲ್ ತುಂಬಿದ್ದರೆ ಅದು ತಪ್ಪುತ್ತಿತ್ತು.

ಮನೆಯನ್ನು ಬಾಡಿಗೆಗೆ ಕೊಟ್ಟರೆ ಅಲ್ಲಿನ ಬಾಡಿಗೆ ಏಜೆಂಟರು ಮೂಲ ದರದಲ್ಲಿ ತೆರಿಗೆ ಹಿಡಿದೇ ನಿಮಗೆ ಹಣ ಕಳುಹಿಸುತ್ತಾರೆ. ಎನ್‌ಆರ್‌ಎಲ್ 1 ನಮೂನೆಯಲ್ಲಿ ಅರ್ಜಿ ಹಾಕಿ ಒಪ್ಪಿಗೆ ಪಡೆದರೆ ಹಿಡಿಯದೆ ಕೊಡುತ್ತಾರೆ, ರಿಟರ್ನ್ ಮಾತ್ರ ನೀವೇ ಸಲ್ಲಿಸಬೇಕು. ಅದೇ ಬಾಡಿಗೆಯನ್ನು ಭಾರತದ ರಿಟರ್ನ್‌ನಲ್ಲಿಯೂ ತೋರಿಸಿ, ಎರಡು ದೇಶಗಳ ನಡುವಿನ ದ್ವಿತೆರಿಗೆ ತಪ್ಪಿಸುವ ಒಪ್ಪಂದದ ಪ್ರಕಾರ ಅಲ್ಲಿ ಕಟ್ಟಿದ ಆದಾಯ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಬೇಕು; 1961ರ ಆದಾಯ ತೆರಿಗೆ ಕಾಯ್ದೆಯಡಿ ಇದಕ್ಕೆ ಫಾರ್ಮ್ 67 ಇತ್ತು, 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯ್ದೆಯಡಿ ನಮೂನೆ ಮತ್ತು ಕಲಮುಗಳ ಸಂಖ್ಯೆಗಳು ಬೇರೆ. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಏಪ್ರಿಲ್ 5ಕ್ಕೆ ಮುಗಿಯುವುದರಿಂದ ಐದು ದಿನಗಳ ವ್ಯತ್ಯಾಸವನ್ನೂ ಹೊಂದಿಸಿಕೊಳ್ಳಬೇಕು. ಉತ್ತರಾಧಿಕಾರ ತೆರಿಗೆಯಾಗಿ ಅಲ್ಲಿ ಕಟ್ಟಿದ ಹಣವನ್ನು ಮಾತ್ರ ಹೀಗೆ ಕಳೆದುಕೊಳ್ಳಲಾಗದು. ಅದು ಆದಾಯದ ಮೇಲಿನ ತೆರಿಗೆಯಲ್ಲ.

ಎಂಟನೆಯ ಹಂತ: ಮಾರುವ ಮೊದಲು ಎರಡು ಲೆಕ್ಕ ಹಾಕುವುದು

ನಾನು ಓದುಗರ ಗಮನವನ್ನು ಅತ್ಯಂತ ಹೆಚ್ಚು ಬೇಡುವುದು ಇಲ್ಲಿ. ಬ್ರಿಟನ್ನಿನಲ್ಲಿ ನಿಮ್ಮ ಕೊಂಡ ಬೆಲೆ ಎಂದರೆ ಸಾವಿನ ದಿನದ ಬೆಲೆ. ಭಾರತದಲ್ಲಿ ಹಾಗಲ್ಲ: ವಾರಸುದಾರಿಕೆಯಿಂದ ಬಂದ ಆಸ್ತಿಗೆ ಹಿಂದಿನ ಒಡೆಯರು ಕೊಂಡ ಬೆಲೆಯೇ ನಿಮ್ಮ ಬೆಲೆ. ಅವರು 2001ರ ಏಪ್ರಿಲ್ 1ಕ್ಕೂ ಮುಂಚೆ ಕೊಂಡಿದ್ದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಇಟ್ಟುಕೊಳ್ಳಬಹುದು, ಅಷ್ಟೇ.

ಲೆಸ್ಟರಿನ ಅದೇ ಮನೆಯನ್ನು ಮತ್ತೆ ನೋಡೋಣ. ಸಾವಿನ ದಿನ 4,20,000 ಪೌಂಡ್, 2001ರಲ್ಲಿ 1,60,000 ಪೌಂಡ್, ಈಗ ಮಾರಿದ್ದು 4,40,000 ಪೌಂಡ್‌ಗೆ. ಬ್ರಿಟನ್ನಿನಲ್ಲಿ ಲಾಭ 20,000. ವಾರ್ಷಿಕ ವಿನಾಯಿತಿ 3,000 ಕಳೆದು ಉಳಿದ 17,000ದ ಮೇಲೆ ಶೇ 18 ಅಥವಾ ಶೇ 24ರ ದರದಲ್ಲಿ 3,060ರಿಂದ 4,080 ಪೌಂಡ್ ತೆರಿಗೆ. ಭಾರತದಲ್ಲಿ ಲಾಭ 2,80,000 ಪೌಂಡ್. ದೀರ್ಘಾವಧಿ ಬಂಡವಾಳ ಲಾಭದ ಶೇ 12.5 ದರದಲ್ಲಿ 35,000 ಪೌಂಡ್‌ನಷ್ಟು ತೆರಿಗೆ, ಅದರ ಮೇಲೆ ಸರ್ಚಾರ್ಜ್ ಮತ್ತು ಸೆಸ್. ಅಲ್ಲಿ ಕಟ್ಟಿದ ನಾಲ್ಕು ಸಾವಿರ ಚಿಲ್ಲರೆಯನ್ನು ಕಳೆದರೂ ಮೂವತ್ತು ಸಾವಿರ ಪೌಂಡ್‌ಗಿಂತ ಹೆಚ್ಚು ಇಲ್ಲಿ ಕಟ್ಟಬೇಕಾಗುತ್ತದೆ. ಅಲ್ಲಿನ ಸಾಲಿಸಿಟರ್ ತೆರಿಗೆಯೆಲ್ಲ ಮುಗಿಯಿತು ಎಂದು ಬರೆದರೆ ಅದು ಬ್ರಿಟನ್ನಿನ ಮಟ್ಟಿಗೆ ನಿಜ. ಭಾರತದ ಈ ಬಾಕಿ ಅವರಿಗೆ ಗೊತ್ತಿರಬೇಕೆಂದೇನಿಲ್ಲ.

ಆದ್ದರಿಂದ ಮಾರಾಟದ ಒಪ್ಪಂದಕ್ಕೆ ಮೊದಲೇ 2001ರ ಬೆಲೆಯ ಬಗ್ಗೆ ಅಲ್ಲಿನ ಸರ್ವೇಯರ್ ಅವರಿಂದ ವರದಿ ತರಿಸಿಕೊಳ್ಳಬೇಕು. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಇಂಗ್ಲೆಂಡಿನ ಮನೆಗಳ ಮಾರಾಟ ಬೆಲೆಗಳು 1995ರಿಂದ ಸಿಗುವುದರಿಂದ ಅದೇ ಬೀದಿಯ ಹಳೆಯ ಮಾರಾಟಗಳನ್ನು ಆಧಾರವಾಗಿ ತೋರಿಸುವುದು ಕಷ್ಟವಲ್ಲ. ದೊಡ್ಡಪ್ಪನವರು ಮನೆಯನ್ನು ವಿಸ್ತರಿಸಿದ್ದರೆ, ಅಟ್ಟವನ್ನು ಕೋಣೆಯಾಗಿ ಮಾಡಿಸಿದ್ದರೆ, ಆ ಬಿಲ್ಲುಗಳನ್ನು ಮನೆ ಖಾಲಿ ಮಾಡುವಾಗ ಕಸಕ್ಕೆ ಹಾಕಿಸಬಾರದು. 2001ರ ನಂತರದ ಅಂಥ ಖರ್ಚು ಲಾಭವನ್ನು ತಗ್ಗಿಸುತ್ತದೆ. ಮಾರಿದ ಲಾಭವನ್ನು ಗಡುವಿನೊಳಗೆ ಭಾರತದಲ್ಲಿ ವಾಸದ ಮನೆ ಕೊಳ್ಳಲೋ ಕಟ್ಟಲೋ ಹಾಕಿದರೆ ಷರತ್ತುಗಳಿಗೆ ಒಳಪಟ್ಟು 10 ಕೋಟಿ ರೂಪಾಯಿವರೆಗೆ ವಿನಾಯಿತಿ ಸಿಗುತ್ತದೆ. ಮಾರಿದ ಮನೆ ವಿದೇಶದಲ್ಲಿದ್ದರೂ ಅಡ್ಡಿಯಿಲ್ಲ, ಕೊಳ್ಳುವ ಮನೆ ಭಾರತದಲ್ಲಿರಬೇಕು. ಬ್ರಿಟನ್ನಿನಲ್ಲಿ ಮಾರಾಟ ಪೂರ್ಣವಾದ 60 ದಿನಗಳೊಳಗೆ ಆ ದೇಶದ ಮಟ್ಟಿಗೆ ಅನಿವಾಸಿಯಾದ ನೀವು ಎಚ್‌ಎಂಆರ್‌ಸಿಗೆ ವರದಿ ಸಲ್ಲಿಸಬೇಕು, ಕಟ್ಟಬೇಕಾದ ತೆರಿಗೆ ಸೊನ್ನೆಯಾಗಿದ್ದರೂ ಸಹ.

ಹಿರಿಯರು ಇನ್ನೂ ಬದುಕಿದ್ದು, ಮನೆಯನ್ನು ಊರಿನವರಿಗೆ ಬಿಡುವ ಮಾತನ್ನು ಅವರೇ ಆಡಿದ್ದರೆ, ಮುಂದಿನ ಸಲ ಬಂದಾಗ ಅವರನ್ನು ನಾಲ್ಕು ವಿಷಯ ಕೇಳಿಟ್ಟುಕೊಳ್ಳಿ: ವಿಲ್ಲು ಯಾವ ಸಾಲಿಸಿಟರ್ ಬಳಿ ಇದೆ, ಮನೆ ಯಾರ ಹೆಸರಿನಲ್ಲಿ ಮತ್ತು ಯಾವ ಬಗೆಯ ಒಡೆತನದಲ್ಲಿದೆ, ಯಾವಾಗ ಎಷ್ಟಕ್ಕೆ ಕೊಂಡರು, ಮೊದಲು ತೀರಿಕೊಂಡ ಪತ್ನಿಯ ಅಥವಾ ಪತಿಯ ಕಾಗದಪತ್ರಗಳು ಎಲ್ಲಿವೆ. ಕೇಳಲು ಸಂಕೋಚವಾಗುವ ಪ್ರಶ್ನೆಗಳೇ ಇವು. ಆದರೆ ತಮ್ಮ ದುಡಿಮೆಯ ಮನೆ ಯಾರಿಗೆ ಸೇರಬೇಕೆಂದು ಯೋಚಿಸಿ ವಿಲ್ಲು ಬರೆಸಿಟ್ಟವರು ಇವನ್ನು ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಹೆಚ್ಚಿನವರು ಆ ಕಡತವನ್ನು ತಾವೇ ತೆಗೆದು ಮುಂದಿಡುತ್ತಾರೆ.